ಚಿತ್ರ ತೆರೆಗೆ, ಹೆಸರು ಮರೆಗೆ: ಕಾಮಿಕ್ಸ್ ಕಲಾವಿದರ ತೀರದ ಬಾಕಿ

ಮಧುರೆ (ದೊಡ್ಡಬಳ್ಳಾಪುರ ತಾ.): ಮಧುರೆ ಹೋಬಳಿಯ ಕನಸವಾಡಿಯಲ್ಲಿರುವ ಶನಿಮಹಾತ್ಮ ದೇವಾಲಯ ಬೆಂಗಳೂರು ಸುತ್ತಮುತ್ತಲಿನ ಭಕ್ತರಿಗೆ ಚಿರಪರಿಚಿತ. ಶನಿಯ ಮಹಿಮೆಯನ್ನು ಸಾರುವ ಕಥೆಯ ನಾಯಕ ರಾಜಾ ವಿಕ್ರಮ. ಶನಿಯ ಕಾಟಕ್ಕೆ ಸಿಲುಕಿ ರಾಜ್ಯ ಕಳೆದುಕೊಂಡು ಅಲೆದ ಈ ಅರಸ ಹರಿಕಥೆಯಲ್ಲೂ ಹಳ್ಳಿಯ ನಾಟಕದಲ್ಲೂ ಇದ್ದಾನೆ. ಕೆಂಪರಾಜ ಅರಸು 1950ರಲ್ಲೇ ಅವನನ್ನು ಬೆಳ್ಳಿತೆರೆಗೂ ತಂದರು. ಆದರೆ ವಿಕ್ರಮ ಎಂದೊಡನೆ ಕನ್ನಡ ಓದುಗರ ಕಣ್ಣಿಗೆ ಕಟ್ಟುವುದು ಬೇರೆಯದೇ ಚಿತ್ರ. ಕೈಯಲ್ಲಿ ಹಿರಿದ ಕತ್ತಿ, ಹೆಗಲ ಮೇಲೆ ಶವ, ಸುತ್ತ ಸ್ಮಶಾನದ ಕತ್ತಲು, ಹಿಂದಿರುಗಿ ನೋಡದೆ ಹೆಜ್ಜೆ ಹಾಕುವ ರಾಜ. ‘ಛಲ ಬಿಡದ ತ್ರಿವಿಕ್ರಮ’ ಎಂಬ ಮಾತನ್ನು ಆಡುವಾಗ ನೆನಪಿಗೆ ಬರುವ ರೂಪ ಇದೇ.

ಈ ರೂಪ ಪುರಾಣದಿಂದ ಬಂದದ್ದಲ್ಲ. ಇದನ್ನು ಒಬ್ಬ ಮನುಷ್ಯ ಕುಳಿತು ಬರೆದದ್ದು. ಅವರ ಹೆಸರು ಕೆ.ಸಿ. ಶಿವಶಂಕರನ್. 1924ರಲ್ಲಿ ಹುಟ್ಟಿದ ತಮಿಳುನಾಡಿನ ಈ ಕಲಾವಿದರು 1950ರ ದಶಕದ ಆರಂಭದಲ್ಲಿ ‘ಚಂದಮಾಮ’ ಬಳಗ ಸೇರಿ, ‘ಶಂಕರ್’ ಎಂಬ ಸಹಿಯಲ್ಲಿ ದಶಕಗಳ ಕಾಲ ಚಿತ್ರ ಬರೆದರು. ಬೇತಾಳ ಕಥೆಗಳ ಜತೆ ತಿಂಗಳು ತಿಂಗಳೂ ಅಚ್ಚಾಗುತ್ತಿದ್ದ ಆ ಚಿತ್ರ ಕನ್ನಡವೂ ಸೇರಿ ಹತ್ತಾರು ಭಾಷೆಗಳ ಮನೆಗಳನ್ನು ತಲುಪಿತು. 2020ರಲ್ಲಿ ಅವರು ತೀರಿಕೊಂಡರು. 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂತು. ಚಿತ್ರವನ್ನು ಬಲ್ಲ ಅನೇಕರು ಚಿತ್ರಕಾರರ ಹೆಸರನ್ನು ಮೊದಲ ಬಾರಿಗೆ ಓದಿದ್ದು ಆಗ.

ಇದರ ನಡುವೆ, 1985ರಲ್ಲಿ, ರಮಾನಂದ ಸಾಗರ್ ಅವರ ‘ವಿಕ್ರಮ್ ಔರ್ ಬೇತಾಳ್’ ದೂರದರ್ಶನದಲ್ಲಿ ಪ್ರಸಾರವಾಯಿತು. ಅರುಣ್ ಗೋವಿಲ್ ವಿಕ್ರಮ, ನೆರೆತ ಉದ್ದ ಕೂದಲಿನ ಸಜ್ಜನ್ ಬೇತಾಳ. ಕಥೆ ಎಲ್ಲರದು, ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೇ ಅದು ಇದೆ. ರಾಜ ಶವವನ್ನು ಹೆಗಲಿಗೇರಿಸಿ ನಡೆಯುವುದೂ ಕಥೆಯ ಭಾಗವೇ. ಹಾಗಾಗಿ ಆ ಧಾರಾವಾಹಿ ಶಂಕರ್ ಅವರ ಚಿತ್ರವನ್ನು ಎತ್ತಿಕೊಂಡಿತು ಎಂದು ಹೇಳಲಾಗದು. ಆದರೆ ನಿಜವೇಷದ ನಟರು ತೆರೆಯ ಮೇಲೆ ಬಂದೊಡನೆ ನೋಡುಗರು ‘ಇವನೇ ವಿಕ್ರಮ’ ಎಂದು ಗುರುತಿಸಿದ್ದು ಹೇಗೆ? ಮೂರು ದಶಕಗಳಿಂದ ಆ ಗುರುತನ್ನು ಅವರ ಕಣ್ಣಿನಲ್ಲಿ ಬೆಳೆಸಿದವರು ಯಾರು? ಸಿನಿಮಾ ಮತ್ತು ಕಾಮಿಕ್ಸ್ ನಡುವಿನ ಲೇವಾದೇವಿಯ ಕಷ್ಟವೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ.

ಎರವಲು ಪಡೆದ ಚಿತ್ರನಿರ್ಮಾಪಕನನ್ನು ದೂರುವುದು ವಾಡಿಕೆ. ಪ್ರಕರಣಗಳನ್ನು ಒಂದೊಂದಾಗಿ ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಬಹುತೇಕ ಸಂದರ್ಭಗಳಲ್ಲಿ ಕಲಾವಿದನ ಹೆಸರು ಸಿನಿಮಾಕ್ಕೆ ಬರುವ ಮೊದಲೇ, ಚಿತ್ರ ಮೊದಲು ಅಚ್ಚಾದ ಪುಟದಲ್ಲೇ ಕಳೆದುಹೋಗಿರುತ್ತದೆ.

ಒಂದು ಪದ, ಎರಡು ಅರ್ಥ

ಕನ್ನಡದಲ್ಲಿ ಈ ಗೊಂದಲಕ್ಕೆ ಭಾಷೆಯೂ ಒಂದಿಷ್ಟು ಕೊಡುಗೆ ನೀಡಿದೆ. ‘ಚಿತ್ರಕಥೆ’ ಎಂದರೆ ಕಾಮಿಕ್ಸ್. ‘ಚಿತ್ರಕಥೆ’ ಎಂದರೆ ಸಿನಿಮಾದ ದೃಶ್ಯರೂಪದ ಬರವಣಿಗೆಯೂ ಹೌದು. ಕನ್ನಡ ಸಿನಿಮಾದ ಶೀರ್ಷಿಕೆ ಫಲಕದಲ್ಲಿ ‘ಕಥೆ, ಚಿತ್ರಕಥೆ, ಸಂಭಾಷಣೆ’ ಎಂಬ ಸಾಲು ತಪ್ಪದೆ ಬರುತ್ತದೆ. ಚಿತ್ರ ಬರೆಯುವವನಿಗೂ ಆ ಸಾಲಿಗೂ ಸಂಬಂಧವಿಲ್ಲ. ಚಿತ್ರೀಕರಣಕ್ಕೆ ಮನೆ ಕೊಟ್ಟವರು, ತೋಟ ಕೊಟ್ಟವರು, ಬಂದೋಬಸ್ತಿಗೆ ನೆರವಾದ ಠಾಣೆಯವರು, ಊರಿನ ಮುಖಂಡರು ಎಲ್ಲರಿಗೂ ಆರಂಭದಲ್ಲೇ ಕೃತಜ್ಞತೆ ಸಲ್ಲುತ್ತದೆ. ಅಷ್ಟು ಉದ್ದದ ಪಟ್ಟಿಯಲ್ಲಿ ಚಿತ್ರದ ಬಣ್ಣ, ಉಡುಗೆ, ಚೌಕಟ್ಟುಗಳಿಗೆ ಸ್ಫೂರ್ತಿಯಾದ ಕಲಾವಿದನಿಗೆ ಒಂದು ಸಾಲು ಸಿಗುವುದು ಅಪರೂಪ. ಜಾಗವಿಲ್ಲ ಎಂಬ ನೆಪವನ್ನಂತೂ ಹೇಳುವಂತಿಲ್ಲ.

ಸಹಿ ಇತ್ತು, ಪರಿಚಯ ಇರಲಿಲ್ಲ

‘ಚಂದಮಾಮ’ 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಯಿತು. ಕನ್ನಡ ಆವೃತ್ತಿ 1949ರಲ್ಲಿ ಬಂತು. ಪತ್ರಿಕೆಯ ಹಿಂದಿದ್ದವರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. ‘ಪಾತಾಳ ಭೈರವಿ’ (1951), ‘ಮಾಯಾಬಜಾರ್’ (1957) ಚಿತ್ರಗಳನ್ನು ತಯಾರಿಸಿದ ವಿಜಯಾ ಸಂಸ್ಥೆಯೂ ಇವರದೇ. ಒಂದೇ ಮಾಲೀಕತ್ವದಲ್ಲಿ ಒಂದೆಡೆ ರಾಕ್ಷಸರು, ಮಾಂತ್ರಿಕರು, ಅರಮನೆಗಳು ಕಾಗದದ ಮೇಲೆ ರೂಪುಗೊಳ್ಳುತ್ತಿದ್ದವು. ಇನ್ನೊಂದೆಡೆ ಅದೇ ಲೋಕ ಸ್ಟುಡಿಯೋದಲ್ಲಿ ಹಲಗೆ, ಬಟ್ಟೆ, ಬಣ್ಣಗಳಲ್ಲಿ ಎದ್ದು ನಿಲ್ಲುತ್ತಿತ್ತು. ‘ಮಾಯಾಬಜಾರ್’ಗೆ ಕಲಾ ನಿರ್ದೇಶಕರಾದ ಮಾಧವಪೆದ್ದಿ ಗೋಖಲೆ ಮತ್ತು ಕಲಾಧರ್ ಅವರ ಹೆಸರು ಚಿತ್ರದೊಂದಿಗೆ ಉಳಿದಿದೆ. ಸಿನಿಮಾದಲ್ಲಿ ಕಲಾ ನಿರ್ದೇಶಕನಿಗೆ ನಿಗದಿತ ಸ್ಥಾನವಿತ್ತು. ಪತ್ರಿಕೆಯ ಚಿತ್ರಕಾರನಿಗೆ ಇದ್ದದ್ದು ಚಿತ್ರದ ಮೂಲೆಯ ಸಣ್ಣ ಸಹಿ: ‘ಶಂಕರ್’, ‘ಚಿತ್ರಾ’, ‘ವಪಾ’. ಓದುಗರಿಗೆ ಈ ಅಕ್ಷರಗಳು ಕಂಠಪಾಠ. ಅವುಗಳ ಹಿಂದೆ ಶಿವಶಂಕರನ್, ಟಿ.ವಿ. ರಾಘವನ್, ವಡ್ಡಾದಿ ಪಾಪಯ್ಯ ಎಂಬ ಮನುಷ್ಯರಿದ್ದಾರೆ ಎಂಬುದು ತಿಳಿದದ್ದು ಬಹಳ ತಡವಾಗಿ.

ಕನ್ನಡಿಗ ಎಂ.ಟಿ.ವಿ. ಆಚಾರ್ಯರ ವಿಷಯದಲ್ಲಿ ಈ ಮರೆವು ಇನ್ನೂ ಎದ್ದು ಕಾಣುತ್ತದೆ. ‘ಚಂದಮಾಮ’ದ ಮುಖಪುಟಗಳಿಗೆ ಅವರು ಬರೆದ ಮಹಾಭಾರತದ ಚಿತ್ರಗಳು ಒಂದು ತಲೆಮಾರಿಗೆ ಭೀಷ್ಮ, ಕರ್ಣ, ದ್ರೌಪದಿಯರ ಮುಖಗಳನ್ನು ಕೊಟ್ಟವು. ಆ ಬಳಿಕ ಅವರು ಬೆಂಗಳೂರಿನಲ್ಲಿ ‘ಆಚಾರ್ಯ ಚಿತ್ರಕಲಾ ಭವನ’ ನಡೆಸಿ, ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಊರಲ್ಲಿ ಗುರುವಿಲ್ಲದ ಎಷ್ಟೋ ಹುಡುಗರಿಗೆ ಲಕೋಟೆಯಲ್ಲಿ ಬಂದ ಪಾಠವೇ ಕಲಾಶಾಲೆ. ಪೌರಾಣಿಕ ಸಿನಿಮಾ ಮತ್ತು ಧಾರಾವಾಹಿಗಳ ಕಿರೀಟ, ಭುಜಕೀರ್ತಿಗಳ ಮಾದರಿ ಎಲ್ಲಿಂದ ಬಂತು ಎಂದು ಕೇಳಿದರೆ ರವಿವರ್ಮನ ಹೆಸರು ಹೇಳಿ ನಿಲ್ಲಿಸುವುದು ರೂಢಿಯಾಗಿದೆ. ರವಿವರ್ಮ ಮತ್ತು ಸಿನಿಮಾ ನಡುವೆ ಪತ್ರಿಕೆಗಳ ಚಿತ್ರಕಾರರ ಒಂದು ಇಡೀ ಪೀಳಿಗೆ ಇತ್ತು. ಅವರನ್ನು ಹಾರಿಸಿ ಬರೆದ ಇತಿಹಾಸ ಅರ್ಧ ಇತಿಹಾಸ.

‘ಅಮರ ಚಿತ್ರಕಥೆ’ಯ ಕಥೆಯಲ್ಲಿ ಕರ್ನಾಟಕದ ಪಾಲು ಇನ್ನೂ ಹೆಚ್ಚು. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ (1929–2011) ಕಾರ್ಕಳದವರು. ಮಾಲಿಕೆ ಇಂಗ್ಲಿಷಿನಲ್ಲಿ ಹುಟ್ಟಿತೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಮೊದಲ ಹತ್ತು ಪುಸ್ತಕಗಳು ಕನ್ನಡದವು. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಸಲಹೆಯಂತೆ 1965ರಲ್ಲಿ ಪಾಶ್ಚಾತ್ಯ ಜನಪದ ಕಥೆಗಳು ಕನ್ನಡದಲ್ಲಿ ಹೊರಬಂದವು. ಇಂಗ್ಲಿಷ್ ಮಾಲಿಕೆಯ ಸಂಖ್ಯೆ 11ರಿಂದ, ಅಂದರೆ ‘ಕೃಷ್ಣ’ದಿಂದ, ಆರಂಭವಾದದ್ದು ಈ ಕಾರಣಕ್ಕೆ. ‘ಕೃಷ್ಣ’ಕ್ಕೆ ಚಿತ್ರ ಬರೆದವರು ರಾಮ್ ವಾಯೀರ್ಕರ್. ಪ್ರತಾಪ್ ಮುಳಿಕ್, ಯೂಸುಫ್ ಬೆಂಗಳೂರವಾಲಾ ಮೊದಲಾದವರು ಮುಂದೆ ಆ ಲೋಕವನ್ನು ವಿಸ್ತರಿಸಿದರು. ಆದರೆ ಜನರ ಬಾಯಲ್ಲಿ ಉಳಿದದ್ದು ಸಂಸ್ಥೆಯ ಹೆಸರು ಮತ್ತು ‘ಅಂಕಲ್ ಪೈ’.

ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ ಹುಟ್ಟಿದ ನಿರ್ದೇಶಕ ಎಸ್.ಎಸ್. ರಾಜಮೌಳಿ ಬಾಲ್ಯದಲ್ಲಿ ‘ಅಮರ ಚಿತ್ರಕಥೆ’ ಓದಿಯೇ ಕಥೆ ಹೇಳುವ ಹುಚ್ಚು ಹಿಡಿಯಿತೆಂದು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಋಣವನ್ನು ಬಾಯಿಬಿಟ್ಟು ಹೇಳುವ ನಿರ್ದೇಶಕರು ವಿರಳವಾದ್ದರಿಂದ ಇದು ಮೆಚ್ಚಬೇಕಾದ ಮಾತು. ಆದರೂ ಅಲ್ಲಿ ಸ್ಮರಣೆಗೆ ಬರುವುದು ಮಾಲಿಕೆ. ವಾಯೀರ್ಕರ್, ಮುಳಿಕ್ ಎಂಬ ಹೆಸರುಗಳು ಓದುಗನಿಗೆ ಹೊಸವೇ ಆಗಿ ಉಳಿಯುತ್ತವೆ. ಪ್ರಕಾಶಕ ಮುಂದೆ, ಕಲಾವಿದ ಹಿಂದೆ ಎಂಬ ಕ್ರಮ ಪುಟದಲ್ಲಿ ಹೇಗಿತ್ತೋ ತೆರೆಗೂ ಹಾಗೆಯೇ ದಾಟುತ್ತದೆ.

ಉಳಿದ ಕಡೆಯೂ ಇದೇ ಪಾಡು. 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತ ‘ಇಂದ್ರಜಾಲ ಕಾಮಿಕ್ಸ್’ನ ಆರಂಭದ ಮುಖಪುಟಗಳಲ್ಲಿ ಫ್ಯಾಂಟಮ್‌ಗೆ ಭಾರತೀಯ ಬಣ್ಣ ಕೊಟ್ಟವರು ಬಿ. ಗೋವಿಂದ್. ‘ಬಹಾದ್ದೂರ್’ ಎಂದರೆ ಲೇಖಕ ಆಬಿದ್ ಸುರತಿ ನೆನಪಾಗುತ್ತಾರೆ, ಅವನಿಗೆ ಕೇಸರಿ ಜುಬ್ಬಾ ತೊಡಿಸಿದ ಗೋವಿಂದ್ ಅಲ್ಲ. ‘ಬಾಲಮಂಗಳ’ದ ಡಿಂಗನನ್ನು ಕನ್ನಡದ ಮಕ್ಕಳು ತಮ್ಮವನೇ ಎಂದುಕೊಂಡು ಬೆಳೆದರು, ಮಲಯಾಳದ ಎನ್. ಸೋಮಶೇಖರನ್ ಮತ್ತು ಕಲಾವಿದ ಬೇಬಿ ಅವನ ಸೃಷ್ಟಿಕರ್ತರೆಂದು ಬಲ್ಲವರು ಕಡಿಮೆ.

ಶೈಲಿಗೆ ಹಕ್ಕಿಲ್ಲ, ಚಿತ್ರಕ್ಕೆ ಹಕ್ಕುಂಟು

ಈಗ ಕಾನೂನಿನ ಮಾತು. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. ಈ ವಿಷಯದಲ್ಲಿ ಇಂದಿಗೂ ದಾರಿದೀಪವಾಗಿರುವ ತೀರ್ಪು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ನೀಡಿದ್ದು. ‘ಹಮ್ ಹಿಂದೂಸ್ತಾನಿ’ ಎಂಬ ತಮ್ಮ ನಾಟಕವನ್ನು ‘ನ್ಯೂ ಡೆಲ್ಲಿ’ (1956) ಚಿತ್ರ ನಕಲು ಮಾಡಿದೆಯೆಂದು ನಾಟಕಕಾರ ಆನಂದ್ ದೂರಿದ್ದರು. ನ್ಯಾಯಾಲಯ ಒಪ್ಪಲಿಲ್ಲ. ಕಲ್ಪನೆ, ವಿಷಯ, ಕಥಾವಸ್ತುಗಳಿಗೆ ಕೃತಿಸ್ವಾಮ್ಯವಿಲ್ಲ. ಅವುಗಳನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಉಂಟು. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲೆಂದು ನಿಸ್ಸಂದೇಹವಾಗಿ ಅನ್ನಿಸಬೇಕು, ಇದು ಒರೆಗಲ್ಲು.

ಇದನ್ನು ವಿಕ್ರಮನ ಚಿತ್ರಕ್ಕೆ ಅನ್ವಯಿಸಿ ನೋಡಬಹುದು. ರಾಜ ಶವ ಹೊತ್ತು ನಡೆಯುವುದು ಕಲ್ಪನೆ; ಯಾರು ಬೇಕಾದರೂ ಚಿತ್ರೀಕರಿಸಬಹುದು. ರಾತ್ರಿ, ಸ್ಮಶಾನ, ಕತ್ತಿ ಇವೂ ಕಥೆಯೊಂದಿಗೆ ಸಹಜವಾಗಿ ಬರುವಂಥವು. ಶಂಕರ್ ಅವರ ನಿರ್ದಿಷ್ಟ ಭಂಗಿ, ಆ ಉಡುಪು, ಮರದ ಕೊಂಬೆಯ ಬಾಗು, ಬೆಳಕು ಬಿದ್ದ ಬಗೆ ಎಲ್ಲವನ್ನೂ ಹಾಗೆ ಹಾಗೆಯೇ ತೆರೆಗೆ ಇಳಿಸಿದರೆ ಮಾತು ಬೇರೆ. ಕಾಯ್ದೆಯ 14ನೇ ಕಲಮಿನ ಪ್ರಕಾರ ಕಲಾಕೃತಿಯನ್ನು ಸಿನಿಮಾದಲ್ಲಿ ಸೇರಿಸುವ ಹಕ್ಕೂ, ಕಾಗದದ ಮೇಲಿನ ಚಿತ್ರವನ್ನು ಮೂರು ಆಯಾಮದಲ್ಲಿ ನಿಲ್ಲಿಸುವ ಹಕ್ಕೂ ಕೃತಿಸ್ವಾಮ್ಯ ಉಳ್ಳವರಿಗೆ ಮಾತ್ರ ಸೇರಿದವು. ‘ಶಂಕರ್ ಅವರ ಶೈಲಿಯಲ್ಲಿ’ ಹೊಸ ದೃಶ್ಯ ಕಟ್ಟಿದರೆ ಮಾತ್ರ ಕಾನೂನಿನ ಕೈ ಅಲ್ಲಿಗೆ ಚಾಚುವುದಿಲ್ಲ. ಒಬ್ಬ ಕಲಾವಿದ ಮೂವತ್ತು ವರ್ಷ ತೇದು ತಂದ ರೇಖೆಯ ಗುಣ, ಬಣ್ಣಗಳ ಹೊಂದಾಣಿಕೆ, ಚೌಕಟ್ಟು ಹಾಕುವ ಕ್ರಮ ಯಾರ ಆಸ್ತಿಯೂ ಅಲ್ಲ. ಇದು ಕ್ರೂರವೆನಿಸಿದರೂ ಅಕಾರಣವಲ್ಲ. ಶೈಲಿಗೂ ಬೇಲಿ ಹಾಕಿದ್ದರೆ ರವಿವರ್ಮನ ನಂತರ ಯಾರೂ ಸೀರೆಯುಟ್ಟ ಸರಸ್ವತಿಯನ್ನು ಬರೆಯುವಂತಿರಲಿಲ್ಲ, ಆಚಾರ್ಯರೂ ಸೇರಿದಂತೆ.

ಕಲಾವಿದರಲ್ಲೇ ಹಲವರಿಗೆ ತಿಳಿಯದ ಒಂದು ಅಂಶ 17ನೇ ಕಲಮಿನಲ್ಲಿದೆ. ಪತ್ರಿಕೆಯ ನೌಕರಿಯಲ್ಲಿದ್ದು ಆ ಪತ್ರಿಕೆಗಾಗಿ ಬರೆದ ಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕ ಒಡೆಯನಾಗುವುದು ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಮಾತ್ರ. ಉಳಿದೆಲ್ಲ ವಿಷಯಗಳಲ್ಲಿ ಮೊದಲ ಒಡೆಯ ಕಲಾವಿದನೇ. ಅಂದರೆ ವಾರಪತ್ರಿಕೆಯ ಕಾಮಿಕ್ಸ್ ಸಿನಿಮಾ ಆಗುವಾಗ ಕೇಳಬೇಕಾದದ್ದು ಕಲಾವಿದನನ್ನು. ಪತ್ರಿಕೆಯಲ್ಲದೆ ಬೇರೆ ಉದ್ಯೋಗದಾತರ ಬಳಿ ನೌಕರಿಯಲ್ಲಿ ಮಾಡಿದ ಕೆಲಸದ ಒಡೆತನ, ವಿರುದ್ಧ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತರಿಗೆ ಹೋಗುತ್ತದೆ. ಹಕ್ಕು ವರ್ಗಾಯಿಸುವ ಪತ್ರ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಲೆಕ್ಕ. ಚೆಕ್ಕಿನ ಹಿಂದೆ ಸಹಿ ಹಾಕಿಸಿಕೊಂಡು ‘ಎಲ್ಲ ಹಕ್ಕು ನಮ್ಮದು’ ಎನ್ನುವ ಪ್ರಕಾಶಕರ ಹಳೆಯ ಚಾಳಿಗೆ ಕಾಯ್ದೆಯಲ್ಲಿ ಅಷ್ಟು ಬಲವಿಲ್ಲ.

ಇನ್ನೂ ಮುಖ್ಯವಾದದ್ದು 57ನೇ ಕಲಮು. ಕೃತಿಸ್ವಾಮ್ಯವನ್ನು ಪೂರ್ತಿ ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಿಂದ ಕಿತ್ತು ಉಗ್ರಾಣಕ್ಕೆ ಹಾಕಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪಕ್ಕಾಗಿ ಶಿಲ್ಪಿ ಅಮರನಾಥ್ ಸೆಹಗಲ್ ಕೇಂದ್ರ ಸರ್ಕಾರದ ವಿರುದ್ಧವೇ ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ನೀಡಿ, ಶಿಲ್ಪದ ಅವಶೇಷಗಳನ್ನು ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಹಕ್ಕು ಕಾಗದದ ಮೇಲಷ್ಟೇ ಇಲ್ಲ, ಚಲಾಯಿಸಿದರೆ ನಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಅದಕ್ಕೆ ಬೇಕಾದ ಹಣ ಮತ್ತು ವರ್ಷಗಳು ಎಷ್ಟು ಕಾಮಿಕ್ಸ್ ಕಲಾವಿದರ ಬಳಿ ಇವೆ ಎಂಬುದು ಬೇರೆ ಪ್ರಶ್ನೆ.

2012ರ ತಿದ್ದುಪಡಿ ಗೀತರಚನೆಕಾರರಿಗೂ ಸಂಗೀತ ಸಂಯೋಜಕರಿಗೂ ದೊಡ್ಡ ಗೆಲುವು ತಂದಿತು. ಸಿನಿಮಾದಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತ ಕೃತಿಯ ಕರ್ತೃ ತನ್ನ ರಾಯಧನದ ಹಕ್ಕನ್ನು ನಿರ್ಮಾಪಕನಿಗೆ ಬಿಟ್ಟುಕೊಡುವಂತಿಲ್ಲ ಎಂದು ಅದು ವಿಧಿಸಿತು. ಆ ಸಾಲಿನಲ್ಲಿ ‘ಕಲಾಕೃತಿ’ ಎಂಬ ಪದವಿಲ್ಲ. ಹಾಡಿನವರು ಸಂಘಟಿತರಾಗಿ ಸಂಸತ್ತಿನವರೆಗೆ ಹೋದರು, ಚಿತ್ರದವರು ಹೋಗಲಿಲ್ಲ. ವ್ಯತ್ಯಾಸ ಎಷ್ಟಿದೆ ಎಂಬುದು ಕರ್ನಾಟಕದಲ್ಲೇ ಕಂಡಿತು. ‘ಕಾಂತಾರ’ (2022) ಚಿತ್ರದ ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ಗೆ ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಜ್ ತಂಡ ಆಕ್ಷೇಪಿಸಿದ ಕೆಲವೇ ವಾರಗಳಲ್ಲಿ ಕೋಯಿಕ್ಕೋಡಿನ ನ್ಯಾಯಾಲಯ ಮಧ್ಯಂತರ ತಡೆ ನೀಡಿತ್ತು, ಓಟಿಟಿಯಲ್ಲಿ ಚಿತ್ರ ಮೊದಲು ಬಂದಾಗ ಹಾಡಿನ ರಾಗವೇ ಬದಲಾಗಿತ್ತು. ಮೂಲ ಹಾಡು ನಂತರ ಮರಳಿತು. ವಾದದ ಸರಿತಪ್ಪು ಏನೇ ಇರಲಿ, ಅಷ್ಟು ಬೇಗ ಅಷ್ಟು ದೊಡ್ಡ ಚಿತ್ರವನ್ನು ತಡೆದು ನಿಲ್ಲಿಸುವ ಶಕ್ತಿ ಸಂಗೀತಕ್ಕಿದೆ. ಒಂದು ಚಿತ್ರದ ಚೌಕಟ್ಟಿಗಾಗಿ ಹಾಗೆ ನಡೆದ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ.

ಗೆದ್ದವರು ಯಾರು?

ಕಾಮಿಕ್ಸ್ ಕುರಿತ ಭಾರತೀಯ ತೀರ್ಪುಗಳು ಬೆರಳೆಣಿಕೆಯವು. ಅವುಗಳಲ್ಲಿ ಎರಡು ಇಲ್ಲಿಗೆ ಪ್ರಸ್ತುತ.

ಕೇರಳದ ವ್ಯಂಗ್ಯಚಿತ್ರಕಾರ ವಿ.ಟಿ. ಥಾಮಸ್, ಅಂದರೆ ‘ಟಾಮ್ಸ್’, ಸೃಷ್ಟಿಸಿದ ‘ಬೋಬನ್ ಮತ್ತು ಮೋಳಿ’ ಜೋಡಿ ಮಲಯಾಳ ಮನೋರಮಾ ವಾರಪತ್ರಿಕೆಯ ಕೊನೆಯ ಪುಟದಲ್ಲಿ ಎಷ್ಟು ಜನಪ್ರಿಯವಾಗಿತ್ತೆಂದರೆ ಜನ ಪತ್ರಿಕೆಯನ್ನು ಹಿಂದಿನಿಂದ ಓದಲು ಆರಂಭಿಸುತ್ತಿದ್ದರು. 1971ರಲ್ಲಿ ಅದೇ ಹೆಸರಿನ ಸಿನಿಮಾವೂ ಬಂತು. 1987ರಲ್ಲಿ ನಿವೃತ್ತರಾದ ಟಾಮ್ಸ್ ಬೇರೆ ಪತ್ರಿಕೆಗೆ ಅದೇ ಪಾತ್ರಗಳನ್ನು ಬರೆಯಹೊರಟಾಗ ವ್ಯಾಜ್ಯ ಹುಟ್ಟಿತು. ನೌಕರಿಗೆ ಸೇರುವ ಮೊದಲೇ ಈ ಪಾತ್ರಗಳು ಕಲಾವಿದನ ಕೈಯಲ್ಲಿ ಹುಟ್ಟಿದ್ದವು, ನೌಕರಿ ಮುಗಿದ ಮೇಲೆ ಅವುಗಳನ್ನು ಬರೆಯದಂತೆ ತಡೆಯಲಾಗದು ಎಂಬ ನಿಲುವನ್ನು ಕೇರಳ ಹೈಕೋರ್ಟ್ ತಳೆಯಿತು. ಕಲಾವಿದನೇ ಹೋರಾಡಿ ಗೆದ್ದ ಅಪರೂಪದ ಪ್ರಕರಣ ಇದು. ಗೆಲುವಿಗೆ ಕಾರಣವೂ ಗಮನಾರ್ಹ: ಹುಟ್ಟು ಯಾರ ಕೈಯಲ್ಲಿ ಆಯಿತು ಎಂಬುದಕ್ಕೆ ಅಲ್ಲಿ ಸಂಶಯವಿರಲಿಲ್ಲ.

1990ರ ದಶಕದಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದ ‘ನಾಗರಾಜ್’ ಮತ್ತು ‘ನಾಗೇಶ್’ ಜಗಳದ ಸ್ವರೂಪ ಬೇರೆ. ಹಸಿರು ಮೈಯ, ಹಾವುಗಳನ್ನು ಚಿಮ್ಮಿಸುವ ನಾಯಕನ ರೂಪವನ್ನು ಪ್ರತಿಸ್ಪರ್ಧಿ ಕದ್ದಿದ್ದಾನೆಂದು ರಾಜಾ ಪಾಕೆಟ್ ಬುಕ್ಸ್ ದೂರಿ, ತಡೆಯಾಜ್ಞೆ ಪಡೆಯಿತು. ಪಾತ್ರದ ದೃಶ್ಯರೂಪಕ್ಕೂ ರಕ್ಷಣೆಯಿದೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಗೆದ್ದದ್ದು ಪ್ರಕಾಶಕ ಸಂಸ್ಥೆ. ನಾಗರಾಜನ ಆರಂಭದ ಪುಸ್ತಕಗಳಿಗೆ ಚಿತ್ರ ಬರೆದವರು ‘ಅಮರ ಚಿತ್ರಕಥೆ’ಯ ಅದೇ ಪ್ರತಾಪ್ ಮುಳಿಕ್, ವ್ಯಾಜ್ಯದ ಶೀರ್ಷಿಕೆಯಲ್ಲಿರುವುದು ಎರಡು ಪ್ರಕಾಶನಗಳ ಹೆಸರು ಮಾತ್ರ.

ಹೊರಗಿನ ಪಾಠ

ಕಾಮಿಕ್ಸ್‌ಗೆ ಸಾಹಿತ್ಯದ ಮರ್ಯಾದೆ ಕೊಡುವ ಫ್ರಾನ್ಸಿನಲ್ಲೂ ಶೈಲಿಯ ವಾದ ಗೆದ್ದಿಲ್ಲ. ಲುಕ್ ಬೆಸೋನ್ ಅವರ ‘ದ ಫಿಫ್ತ್ ಎಲಿಮೆಂಟ್’ (1997) ತಮ್ಮ ‘ಇನ್ಕಾಲ್’ ಕೃತಿಯಿಂದ ಎತ್ತಿದ್ದೆಂದು ಮೊಬಿಯಸ್ ಮತ್ತು ಅವರ ಪ್ರಕಾಶಕರು ಹೂಡಿದ ದಾವೆ 2004ರಲ್ಲಿ ಬಿದ್ದುಹೋಯಿತು. ಮೊಬಿಯಸ್ ಸ್ವತಃ ಆ ಚಿತ್ರಕ್ಕೆ ವಿನ್ಯಾಸ ಮಾಡಿಕೊಟ್ಟವರು ಎಂಬುದು ವಾದವನ್ನು ಇನ್ನಷ್ಟು ಸಡಿಲಗೊಳಿಸಿತ್ತು. ‘ವಲೇರಿಯನ್’ ಕಾಮಿಕ್ಸ್‌ನ ಚಿತ್ರಕಾರ ಜಾನ್-ಕ್ಲೋದ್ ಮೆಝಿಯೇರ್ ನ್ಯಾಯಾಲಯಕ್ಕೆ ಹೋಗಲೇ ಇಲ್ಲ. ‘ಸ್ಟಾರ್ ವಾರ್ಸ್’ ತಮ್ಮ ಲೋಕವನ್ನು ಹೋಲುವುದನ್ನು ಕಂಡ ಅವರು 1983ರಲ್ಲಿ ‘ಪಿಲೋತ್’ ಪತ್ರಿಕೆಗೆ ಒಂದು ಚಿತ್ರ ಬರೆದರು: ಬಾಹ್ಯಾಕಾಶದ ಹೋಟೆಲೊಂದರಲ್ಲಿ ಆ ಸಿನಿಮಾದ ಲ್ಯೂಕ್ ಮತ್ತು ಲಿಯಾ, ಈ ಕಾಮಿಕ್ಸ್‌ನ ವಲೇರಿಯನ್ ಮತ್ತು ಲೋರಲೀನ್ ಎದುರುಬದುರಾಗಿ ಕುಳಿತಿದ್ದಾರೆ, ನಾವು ಇಲ್ಲಿ ಬಹಳ ಕಾಲದಿಂದ ಇದ್ದೇವೆ ಎಂಬುದು ಮೂಲದವರ ಉತ್ತರದ ತಾತ್ಪರ್ಯ. ಎಷ್ಟೋ ದಾವೆಗಳಿಗಿಂತ ಆ ಒಂದು ನಗೆಚಿತ್ರ ಹೆಚ್ಚು ಕಾಲ ಬಾಳಿದೆ.

ಕಥೆಯೂ ಸೇರಿಕೊಂಡಾಗ ಫಲಿತಾಂಶ ಬೇರೆ. ಬ್ರಿಟನ್ನಿನ ‘ಹಾರ್ಡ್‌ವೇರ್’ (1990) ಚಿತ್ರ ‘2000 ಎಡಿ’ ಬಳಗದ ‘ಶಾಕ್’ ಎಂಬ ಪುಟ್ಟ ಕಾಮಿಕ್ಸ್ ಅನ್ನು ಹೋಲುತ್ತದೆಂಬ ದೂರು ಕಾನೂನಿನ ಮೆಟ್ಟಿಲೇರಿ, ಮೂಲದವರ ಹೆಸರು ಚಿತ್ರಕ್ಕೆ ಸೇರಿತು. ‘ಬ್ಯಾಟ್‌ಮ್ಯಾನ್’ ಪಾತ್ರವನ್ನು 1939ರಲ್ಲಿ ಬಾಬ್ ಕೇನ್ ಜತೆ ರೂಪಿಸಿದ ಬಿಲ್ ಫಿಂಗರ್ ಅವರಿಗೆ ತೆರೆಯ ಮೇಲೆ ಸಹಸೃಷ್ಟಿಯ ಮನ್ನಣೆ ದೊರೆತದ್ದು 2015ರ ನಂತರ, ಅವರು ತೀರಿಕೊಂಡು ನಾಲ್ಕು ದಶಕಗಳಾದ ಮೇಲೆ. ಇದಕ್ಕೆ ತೀರಾ ವಿರುದ್ಧವಾದ ನಡೆ ‘ಸಿನ್ ಸಿಟಿ’ (2005) ಚಿತ್ರದ್ದು. ಕಾಮಿಕ್ಸ್‌ನ ಚೌಕಟ್ಟುಗಳನ್ನೇ ತೆರೆಗೆ ತಂದ ರಾಬರ್ಟ್ ರೊಡ್ರಿಗಸ್, ಮೂಲ ಕಲಾವಿದ ಫ್ರಾಂಕ್ ಮಿಲ್ಲರ್‌ಗೆ ಸಹನಿರ್ದೇಶಕನ ಸ್ಥಾನ ಕೊಡಲು ಅಡ್ಡಿಯಾದ ನಿರ್ದೇಶಕರ ಸಂಘಕ್ಕೇ ರಾಜೀನಾಮೆ ಇತ್ತರು.

ಮುಂಬೈ ಹಿಡಿದ ದಾರಿ ಬೇರೆ. ಗರೋನ್ ತ್ಸುಚಿಯಾ ಬರೆದು ನೊಬುವಾಕಿ ಮಿನೆಗಿಶಿ ಚಿತ್ರಿಸಿದ ಜಪಾನಿ ಕಾಮಿಕ್ಸ್ ಆಧರಿಸಿ ಕೊರಿಯಾದ ‘ಓಲ್ಡ್‌ಬಾಯ್’ (2003) ಬಂತು. ಮೂಲಕ್ಕೆ ಅಲ್ಲಿ ಮನ್ನಣೆ ಇತ್ತು. ಹಿಂದಿಯ ‘ಜಿಂದಾ’ (2006) ಅದರ ಅನಧಿಕೃತ ರೂಪಾಂತರವೆಂದು ವ್ಯಾಪಕವಾಗಿ ಟೀಕೆಗೊಳಗಾಯಿತು. ಜಪಾನಿನ ಚಿತ್ರಕಾರನ ಹೆಸರು ಮುಂಬೈ ತಲುಪುವಷ್ಟರಲ್ಲಿ ಎರಡು ಗಡಿ ದಾಟಿ ಕಾಣೆಯಾಗಿತ್ತು.

ಟೀಸರ್ ಬಂದ ದಿನವೇ ತಗಾದೆ

ಹಿಂದೆ ಹೋಲಿಕೆ ಪತ್ತೆಯಾಗಲು ವರ್ಷಗಳು ಬೇಕಿದ್ದವು. ಈಗ ಟೀಸರ್ ಬಿಡುಗಡೆಯಾದ ಗಂಟೆಗಳಲ್ಲೇ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಲಾಗುತ್ತದೆ. ಕನ್ನಡದಲ್ಲೂ ತೆರೆಕಂಡ ‘ಆದಿಪುರುಷ್’ (2023) ಚಿತ್ರದ ಪ್ರಚಾರ ಆರಂಭವಾದ 2022ರ ಅಕ್ಟೋಬರಿನಲ್ಲಿ, ಅದರ ಪೋಸ್ಟರ್ ತಮ್ಮ ಶಿವನ ಚಿತ್ರವನ್ನು ಹೋಲುತ್ತದೆಂದು ವಾನರ್ ಸೇನಾ ಸ್ಟುಡಿಯೋಸ್ ಬಹಿರಂಗವಾಗಿ ಆಕ್ಷೇಪಿಸಿ, ಮೂಲ ಸೃಷ್ಟಿಕರ್ತರ ಹೆಸರು ಹೇಳಬೇಕಿತ್ತು ಎಂದಿತು. 2024ರ ಜೂನ್‌ನಲ್ಲಿ ‘ಕಲ್ಕಿ 2898 ಎಡಿ’ ಟ್ರೇಲರ್ ಬಂದಾಗ, ವರ್ಷಗಳ ಹಿಂದೆ ತಾವು ರಚಿಸಿದ ಚಿತ್ರವನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ದಕ್ಷಿಣ ಕೊರಿಯಾದ ಕಲಾವಿದ ಸಂಗ್ ಚೋಯ್ ಆರೋಪಿಸಿದರು. ಇವು ಆರೋಪಗಳು, ತೀರ್ಪುಗಳಲ್ಲ. ಆದರೆ ಎರಡರಲ್ಲೂ ಬೇಡಿಕೆ ಒಂದೇ ಎಂಬುದನ್ನು ಮರೆಯುವಂತಿಲ್ಲ: ಕೇಳಿ ಬಳಸಿ, ಹೆಸರು ಹಾಕಿ.

ದೊಡ್ಡ ಚಿತ್ರಗಳ ಕೆಲಸದ ಕ್ರಮವೂ ಇದಕ್ಕೆ ಎಡೆ ಮಾಡಿಕೊಡುತ್ತದೆ. ಚಿತ್ರೀಕರಣಕ್ಕೆ ಮೊದಲು ನಿರ್ದೇಶಕ, ಛಾಯಾಗ್ರಾಹಕ, ಕಲಾ ನಿರ್ದೇಶಕರ ಮುಂದೆ ನೂರಾರು ಮಾದರಿ ಚಿತ್ರಗಳ ಕಡತ ಇರುತ್ತದೆ. ಅಂತರ್ಜಾಲದಿಂದ ಇಳಿಸಿದವು, ಹಳೆಯ ಕಾಮಿಕ್ಸ್‌ನಿಂದ ಕತ್ತರಿಸಿದವು, ಬೇರೆ ಸಿನಿಮಾಗಳವು. ಆ ಕಡತ ಗ್ರಾಫಿಕ್ಸ್ ಸಂಸ್ಥೆಗೆ, ಅಲ್ಲಿಂದ ಒಳಗುತ್ತಿಗೆಯ ಇನ್ನೊಂದು ಸಂಸ್ಥೆಗೆ ಹೋಗುತ್ತದೆ. ಕೈ ಬದಲಾದಂತೆಲ್ಲ ಚಿತ್ರದ ಮೂಲೆಯ ಸಹಿ ಕತ್ತರಿಗೆ ಸಿಗುತ್ತದೆ. ಕೊನೆಯಲ್ಲಿ ಅದನ್ನು ನೋಡಿ ದೃಶ್ಯ ಕಟ್ಟುವ ಹುಡುಗನಿಗೆ ಅದು ಯಾರದೆಂದು ತಿಳಿಯುವ ದಾರಿಯೇ ಇರುವುದಿಲ್ಲ. ದುರುದ್ದೇಶಕ್ಕಿಂತ ಅಸಡ್ಡೆಯಿಂದ ಕಳೆದ ಹೆಸರುಗಳೇ ಹೆಚ್ಚಿರಬೇಕು.

ಕನ್ನಡದ ನೆಲದಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ. ಶಂಕರ್ ನಾಗ್ ನಿರ್ದೇಶಿಸಿ, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ (1986–87) ಧಾರಾವಾಹಿಗೆ ರೇಖಾಚಿತ್ರ ಬರೆದವರು ಮೈಸೂರಿನ ಆರ್.ಕೆ. ಲಕ್ಷ್ಮಣ್. ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಅವರು ಮೊದಲೇ ಚಿತ್ರ ಬರೆದಿದ್ದರು. ಧಾರಾವಾಹಿ ಆ ರೇಖೆಯನ್ನು ಅನುಕರಿಸುವ ಬದಲು ಬರೆದವರನ್ನೇ ಕರೆಯಿತು. ಲಕ್ಷ್ಮಣ್ ಆಗಲೇ ದೇಶಕ್ಕೆಲ್ಲ ಗೊತ್ತಿದ್ದ ಹೆಸರು. ಸಹಿ ಬೆಳೆದು ಹೆಸರಾಗಿದ್ದ ಕಲಾವಿದನನ್ನು ಮರೆಮಾಚುವುದು ಸಾಧ್ಯವಿರಲಿಲ್ಲ ಎಂಬುದೂ ನಿಜ.

ಹೆಸರಿಲ್ಲದವರಿಗೆ ಇರುವ ದಾರಿಗಳು ಸಣ್ಣವು. ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಮುಂದೆ ಸಾಕ್ಷ್ಯವಾಗುತ್ತದೆ. 2013ರ ನಿಯಮಗಳಂತೆ ಒಂದು ಕಲಾಕೃತಿಗೆ ಶುಲ್ಕ 500 ರೂಪಾಯಿ. ಸರಕಿನ ಮೇಲೆ ಬಳಸುವಂಥದ್ದಾದರೆ 2,000. ದಿನಾಂಕ ಸಹಿತ ಮೂಲಪ್ರತಿ ಇಟ್ಟುಕೊಳ್ಳುವುದು, ಒಪ್ಪಂದದಲ್ಲಿ ಸಿನಿಮಾ ಹಕ್ಕನ್ನೂ ಶೀರ್ಷಿಕೆ ಫಲಕದ ಹೆಸರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸುವುದು, ಇಷ್ಟನ್ನು ಮಾಡಿದ ಕಲಾವಿದನ ಪತ್ರಕ್ಕೆ ನಿರ್ಮಾಣ ಸಂಸ್ಥೆಯ ವಕೀಲ ಉತ್ತರಿಸಲೇಬೇಕಾಗುತ್ತದೆ.

ಹೊಸ ಕಗ್ಗಂಟು ಈಗ ಬೇರೆ ದಿಕ್ಕಿನಿಂದ ಬಂದಿದೆ. 2025ರ ಮಾರ್ಚ್‌ನಲ್ಲಿ ಕೃತಕ ಬುದ್ಧಿಮತ್ತೆಯ ಸಾಧನದಿಂದ ಜಪಾನಿನ ಘಿಬ್ಲಿ ಸ್ಟುಡಿಯೋ ಶೈಲಿಯ ಚಿತ್ರಗಳನ್ನು ಲಕ್ಷಗಟ್ಟಲೆ ಜನ ಮಾಡಿಸಿಕೊಂಡರು. ಅಲ್ಲಿ ಕನಿಷ್ಠ ಸ್ಟುಡಿಯೋದ ಹೆಸರಾದರೂ ಉಳಿಯಿತು. ಅದೇ ವರ್ಷ, ಮಧುರೆಯಿಂದ ಬೆಂಗಳೂರಿಗೆ ಹೋಗುವ ದಿಕ್ಕಿನಲ್ಲೇ ಸಿಗುವ ಬಾಗಲಗುಂಟೆಯ ದೇವಾಲಯದ ಅರ್ಚಕ ನರಸಿಂಹಮೂರ್ತಿ ‘ಲವ್ ಯೂ’ ಎಂಬ ಕನ್ನಡ ಚಿತ್ರ ತಂದರು. ನಟರು, ಛಾಯಾಗ್ರಹಣ, ಸೆಟ್ಟು ಯಾವುದೂ ಇಲ್ಲದೆ ಕೃತಕ ಬುದ್ಧಿಮತ್ತೆಯಿಂದಲೇ ಸಿದ್ಧವಾದ 95 ನಿಮಿಷಗಳ ಈ ಚಿತ್ರಕ್ಕೆ ಸುಮಾರು 10 ಲಕ್ಷ ರೂಪಾಯಿ ವೆಚ್ಚವಾಯಿತೆಂದು ವರದಿಯಾಗಿತ್ತು. ಸೆನ್ಸಾರ್ ಮಂಡಳಿ ಯು/ಎ ಪ್ರಮಾಣಪತ್ರವನ್ನೂ ನೀಡಿತು. ಕಡಿಮೆ ಹಣದಲ್ಲಿ ಸಿನಿಮಾ ಮಾಡುವ ಕನಸಿಗೆ ಇದು ದೊಡ್ಡ ಬಾಗಿಲು. ಆದರೆ ಇಂಥ ಸಾಧನಗಳು ಯಾರ ಯಾರ ಚಿತ್ರಗಳನ್ನು ನೋಡಿ ಮುಖ, ಬೆಳಕು, ಚೌಕಟ್ಟು ಕಟ್ಟುವುದನ್ನು ಕಲಿತವು ಎಂಬುದನ್ನು ಬಳಸುವ ನಿರ್ದೇಶಕರೂ ಹೇಳಲಾರರು. ಮಾದರಿ ಚಿತ್ರಗಳ ಕಡತದಲ್ಲಿ ಸಹಿ ಕತ್ತರಿಸಿ ಹೋಗಿದ್ದರೂ ಚಿತ್ರ ಒಂದಾದರೂ ಇರುತ್ತಿತ್ತು, ಬಲ್ಲವರು ನೋಡಿ ಗುರುತಿಸಬಹುದಿತ್ತು. ಇಲ್ಲಿ ಪಕ್ಕಪಕ್ಕ ಇಟ್ಟು ತೋರಿಸಲು ಚಿತ್ರವೇ ಇಲ್ಲ.

ಕೃತಕ ಬುದ್ಧಿಮತ್ತೆ ಮತ್ತು ಕೃತಿಸ್ವಾಮ್ಯದ ಪ್ರಶ್ನೆಗಳನ್ನು ಪರಿಶೀಲಿಸಲು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ 2025ರ ಏಪ್ರಿಲ್‌ನಲ್ಲಿ ಸಮಿತಿಯೊಂದನ್ನು ರಚಿಸಿತು. ಸಾಧನಗಳಿಗೆ ಕಲಿಕೆಯ ಸಾಮಗ್ರಿಯಾದ ಕೃತಿಗಳಿಗೆ ಹಣ ಸಲ್ಲಬೇಕೇ, ಸಲ್ಲುವುದಾದರೆ ಯಾರ ಮೂಲಕ ಎಂಬುದು ಅಲ್ಲಿನ ಚರ್ಚೆ. ಹಣದ ಲೆಕ್ಕ ಹೇಗೋ ಒಂದು ರೀತಿ ಬಗೆಹರಿದೀತು. 57ನೇ ಕಲಮಿನಲ್ಲಿ ಹೇಳಿರುವ ಹೆಸರಿನ ಹಕ್ಕನ್ನು, ಯಾರ ಗೆರೆ ಯಾವುದೆಂದು ಬಿಡಿಸಿ ಹೇಳಲಾಗದ ಇಂಥ ಚಿತ್ರಕ್ಕೆ ಅನ್ವಯಿಸುವುದು ಹೇಗೆಂಬುದಕ್ಕೆ ಕಾಯ್ದೆಯಲ್ಲಿ ಈಗ ಉತ್ತರವಿಲ್ಲ.